ಅನುವಾದದ ಕೆಳಗೆ ಸಹಿ ಯಾರದು?

ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಲ್ಲಿ ಒಂದು ಹೊಲದ ಕ್ಷೇತ್ರ 1.20 ಎಂದು ನಮೂದಾಗಿದ್ದರೆ ಅದರ ಅರ್ಥ 1 ಹೆಕ್ಟೇರ್ 20 ಆರ್. ಕರ್ನಾಟಕದ ಪಹಣಿಯಲ್ಲಿ ಅದೇ 1.20 ಇದ್ದರೆ ಅದು 1 ಎಕರೆ 20 ಗುಂಟೆ. ಹೆಕ್ಟೇರಿಗೆ 100 ಆರ್, ಎಕರೆಗೆ 40 ಗುಂಟೆ. ಒಂದು ಗುಂಟೆಯೂ ಒಂದು ಆರ್ ಕೂಡ ಹೆಚ್ಚುಕಡಿಮೆ ಸಮಾನ. ಆದ್ದರಿಂದ ಮೊದಲನೆಯ ಹೊಲ ಮೂರು ಎಕರೆಗೆ ಒಂದೂವರೆ ಗುಂಟೆಯಷ್ಟೇ ಕಡಿಮೆ. ಎರಡನೆಯದು ಒಂದೂವರೆ ಎಕರೆ. ಮರಾಠಿ ಉತಾರೆಯನ್ನು ಕನ್ನಡಕ್ಕೆ ತರುವವರು ಪದಗಳನ್ನೆಲ್ಲ ಸರಿಯಾಗಿ ತಂದು, ಅಂಕಿಯನ್ನು ಇದ್ದಂತೆಯೇ ಬಿಟ್ಟು, ಅಳತೆಯ ಮಾನವನ್ನು ಬರೆಯದೆ ಹೋದರೆ, ರೈತನ ಹೊಲ ಕಾಗದದ ಮೇಲೆ ಅರ್ಧಕ್ಕೆ ಇಳಿಯುತ್ತದೆ. ಈ ತಪ್ಪು ವ್ಯಾಕರಣದ್ದಲ್ಲ, ಶಬ್ದಕೋಶದ್ದೂ ಅಲ್ಲ. ಎರಡು ರಾಜ್ಯಗಳ ಕಂದಾಯ ವ್ಯವಹಾರವನ್ನು ಬಲ್ಲವರಿಗೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಇಂದು ಅನುವಾದ ಅಗ್ಗವಾಗಿದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. 2017ರಲ್ಲಿ ಕನ್ನಡ, ಮರಾಠಿ ಎರಡಕ್ಕೂ ಹೊಸ ತಂತ್ರವನ್ನು ಅಳವಡಿಸಿದ ಮೇಲೆ ವಾಕ್ಯಗಳು ಓದಿಸಿಕೊಳ್ಳುವಂತಾದವು. ಭಾರತೀಯ ಭಾಷೆಗಳ ನಡುವಿನ ಅನುವಾದಕ್ಕಾಗಿ ಕೇಂದ್ರ ಸರ್ಕಾರದ ಭಾಷಿಣಿ ವೇದಿಕೆ 2022ರಲ್ಲಿ ಬಂದಿತು. ಅದೇ ವರ್ಷದ ಕೊನೆಗೆ ಚಾಟ್‌ಜಿಪಿಟಿ ಬಂದ ಬಳಿಕ, ಒಂದು ಪುಟ ಮರಾಠಿಯನ್ನು ಕ್ಷಣಾರ್ಧದಲ್ಲಿ ಕನ್ನಡವಾಗಿ ಕಾಣುವುದು ಯಾರಿಗೂ ಅಚ್ಚರಿಯಾಗಿ ಉಳಿದಿಲ್ಲ. ಹೀಗಿರುವಾಗ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಶಾಲೆಗಳಿಂದ ಬಂದು ಕಾಲೇಜಿನಲ್ಲಿ ಐಚ್ಛಿಕ ಕನ್ನಡವನ್ನು ಆರಿಸಿಕೊಂಡ ವಿದ್ಯಾರ್ಥಿಗೆ ಎರಡು ಮಾತುಗಳು ಕೇಳಿಬರುತ್ತವೆ. ಕನ್ನಡ ಓದಿದವರಿಗೆ ಮಾಸ್ತರಿಕೆಯೊಂದೇ ದಾರಿ, ಆ ದಾರಿಯೂ ಕಿರಿದಾಗುತ್ತಿದೆ ಎಂಬುದು ಒಂದು. ಎರಡು ಭಾಷೆ ಬಂದರೇನು, ಆ ಕೆಲಸವನ್ನು ಇನ್ನು ಯಂತ್ರವೇ ಮಾಡುತ್ತದೆ ಎಂಬುದು ಇನ್ನೊಂದು. ಮನೆಯ ಹಿರಿಯರು ಇವೆರಡನ್ನೂ ಕೂಡಿಸಿ, ಐಚ್ಛಿಕ ಕನ್ನಡವೇ ಬೇಡವೆಂಬ ತೀರ್ಮಾನಕ್ಕೆ ಬರುವುದುಂಟು.

ಈ ತೀರ್ಮಾನ ತಪ್ಪು. ಅನುವಾದ ಅಗ್ಗವಾದಷ್ಟೂ, ಅದು ಸರಿಯಾಗಿದೆ ಎಂದು ಹೇಳಿ ಕೆಳಗೆ ಸಹಿ ಹಾಕಬಲ್ಲ ಮನುಷ್ಯನ ಅಗತ್ಯ ಹೆಚ್ಚುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪುಗಳ ಅನುವಾದಕ್ಕೆಂದು ಸುವಾಸ್ ಎಂಬ ತಂತ್ರಾಂಶವನ್ನು ಬಳಕೆಗೆ ತಂದಿತು. ಆದರೆ ಯಂತ್ರ ಕೊಟ್ಟದ್ದನ್ನು ಅನುವಾದಕರು ಪರಿಶೀಲಿಸುತ್ತಾರೆ. ಅದಾದ ಮೇಲೂ ದೇಶಭಾಷೆಯ ಪ್ರತಿ ಕಕ್ಷಿದಾರರ ತಿಳಿವಳಿಕೆಗಾಗಿ ಮಾತ್ರ, ಅಧಿಕೃತ ಪಾಠ ಇಂಗ್ಲಿಷಿನದೇ ಎಂಬ ಸೂಚನೆ ಅದಕ್ಕಿರುತ್ತದೆ. ದೇಶದ ಅತ್ಯುನ್ನತ ನ್ಯಾಯಾಲಯವೇ ಯಂತ್ರದ ಮಾತನ್ನು ಕಡೆಯ ಮಾತಾಗಿ ಒಪ್ಪಿಲ್ಲ. ಆದರೆ ಎರಡು ಭಾಷೆ ಬರುತ್ತದೆ ಎಂಬುದಷ್ಟರಿಂದ ಯಾರಿಗೂ ಸಹಿ ಹಾಕುವ ಯೋಗ್ಯತೆ ಬಾರದು. ಗಡಿಭಾಗದಲ್ಲಿ ಎರಡು ಭಾಷೆ ಆಡದವರೇ ವಿರಳ. ಎರಡು ಭಾಷೆಯ ಜೊತೆಗೆ ಒಂದು ವೃತ್ತಿಯ ವ್ಯವಹಾರವನ್ನು ಎರಡರಲ್ಲಿಯೂ ಅರಿತಾಗ ಮಾತ್ರ ಅದು ಸಂಪಾದನೆಯ ವಿದ್ಯೆಯಾಗುತ್ತದೆ.

ಕನ್ನಡ ಮತ್ತು ಮರಾಠಿಗಳ ನಡುವೆ ಯಂತ್ರ ಎಡವುವ ಸ್ಥಳಗಳು ಯಾವುವು ಎಂಬುದನ್ನು ವಿದ್ಯಾರ್ಥಿ ಮೊದಲು ಗುರುತಿಸಬೇಕು. ಯಂತ್ರಾನುವಾದ ಅನೇಕ ಸಲ ಇಂಗ್ಲಿಷನ್ನು ನಡುವೆ ಇರಿಸಿಕೊಂಡು ಸಾಗುತ್ತದೆ. ಇಂಗ್ಲಿಷಿನಲ್ಲಿ ಇಲ್ಲದ ಭೇದಗಳು ಆ ದಾರಿಯಲ್ಲಿ ಅಳಿದುಹೋಗುತ್ತವೆ. ಕನ್ನಡದಲ್ಲಿ ‘ನಾನು ಹೊಲಕ್ಕೆ ಹೋದೆ’ ಎಂಬ ವಾಕ್ಯವನ್ನು ಗಂಡಸೂ ಹೆಂಗಸೂ ಒಂದೇ ರೀತಿ ಹೇಳುತ್ತಾರೆ. ಮರಾಠಿಯಲ್ಲಿ ಗಂಡಸು ‘ಗೇಲೋ’ ಎನ್ನಬೇಕು, ಹೆಂಗಸು ‘ಗೇಲೇ’ ಎನ್ನಬೇಕು. ವಿಧವೆಯೊಬ್ಬಳ ಪ್ರಮಾಣಪತ್ರ ಯಂತ್ರದ ಮೂಲಕ ಮರಾಠಿಗೆ ಹೋದಾಗ ಆಕೆ ಮೊದಲ ವಾಕ್ಯದಲ್ಲಿ ಹೆಂಗಸಾಗಿದ್ದು ಮೂರನೆಯ ವಾಕ್ಯದಲ್ಲಿ ಗಂಡಸಾಗಿಬಿಡುವುದು ಅಸಂಭವವೇನಲ್ಲ. ಕಚೇರಿಯಲ್ಲಿ ಅಂಥ ಕಾಗದ ಮರಳಿ ಬಂದರೆ ಆಕೆಯ ಒಂದು ದಿನದ ಕೂಲಿ ಹೋಗುತ್ತದೆ.

ಸರ್ವನಾಮದ ತೊಡಕು ಇನ್ನೂ ಸೂಕ್ಷ್ಮವಾದುದು. ಮರಾಠಿಯ ‘ಆಮ್ಹೀ’ ಎಂಬುದು ಕೇಳುವವರನ್ನು ಬಿಟ್ಟ ನಾವು. ‘ಆಪಣ’ ಎಂಬುದು ಕೇಳುವವರನ್ನು ಸೇರಿಸಿಕೊಂಡ ನಾವು. ಅದೇ ‘ಆಪಣ’ ಗೌರವಾರ್ಥದಲ್ಲಿ ‘ತಾವು’ ಕೂಡ ಆಗುತ್ತದೆ. ಕನ್ನಡದ ‘ನಾವು’ ಎರಡನ್ನೂ ಒಟ್ಟಿಗೆ ಹೊರುತ್ತದೆ. ಪತಸಂಸ್ಥೆಯೊಂದರ ನೋಟೀಸಿನಲ್ಲಿ ಹಣವನ್ನು ‘ಆಪಣ’ ಭರಿಸಬೇಕು ಎಂದಿದ್ದರೆ ಭರಿಸಬೇಕಾದವರು ನೋಟೀಸು ಪಡೆದವರು. ಅದನ್ನು ‘ನಾವು’ ಎಂದು ಕನ್ನಡಿಸಿದರೆ ಸಂಸ್ಥೆಯೇ ಹಣ ತುಂಬುವುದಾಗಿ ಒಪ್ಪಿಕೊಂಡಂತೆ ಅರ್ಥವಾಗುತ್ತದೆ. ಸಾಲದ ಕಾಗದದಲ್ಲಿ ಒಂದು ಸರ್ವನಾಮದ ಬೆಲೆ ಸಾಲದ ಮೊತ್ತದಷ್ಟೇ ಇರುತ್ತದೆ.

ಬಂಧುವಾಚಕಗಳಲ್ಲಿ ತೊಡಕು ಇಂಗ್ಲಿಷಿನಿಂದ ಬಂದುದಲ್ಲ, ಎರಡೂ ಭಾಷೆಗಳ ಒಳಗಿನಿಂದಲೇ ಬಂದುದು. ಸೋದರಸಂಬಂಧದ ಮದುವೆಯ ರೂಢಿಯಿಂದಾಗಿ ಕನ್ನಡದಲ್ಲಿ ಮಗಳ ಗಂಡನೂ ಅಳಿಯ, ಅಕ್ಕತಂಗಿಯರ ಮಗನೂ ಅಳಿಯ. ಮರಾಠಿಯಲ್ಲಿ ಮೊದಲನೆಯವನು ಜಾವಯಿ, ಎರಡನೆಯವನು ಭಾಚಾ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಎರಡನೆಯ ವರ್ಗದ ವಾರಸುದಾರರಲ್ಲಿ ಸೋದರಿಯ ಮಗನಿಗೆ ಸ್ಥಾನವಿದೆ. ಮಗಳ ಗಂಡನಿಗೆ ಇಲ್ಲ. ವಾರಸಾ ಅರ್ಜಿಯಲ್ಲಿ ‘ಅಳಿಯ’ ಎಂಬ ಪದ ಕಂಡಾಗ ಅನುವಾದಕನು ಬರೆಯುವುದನ್ನು ನಿಲ್ಲಿಸಿ ‘ಯಾರ ಮಗ?’ ಎಂದು ಕೇಳಲೇಬೇಕು. ಯಂತ್ರ ಕೇಳುವ ಗೋಜಿಗೆ ಹೋಗದೆ ಎರಡರಲ್ಲೊಂದನ್ನು ಆರಿಸಿ ಮುಂದೆ ಸಾಗುತ್ತದೆ. ಅನುವಾದಕನ ಕೆಲಸದಲ್ಲಿ ಬರೆಯುವುದಕ್ಕಿಂತ ಕೇಳುವುದೇ ದೊಡ್ಡದು ಎಂಬುದಕ್ಕೆ ಈ ಒಂದು ಪದ ಸಾಕು.

ರೂಪ ಒಂದೇ ಆಗಿದ್ದು ಅರ್ಥ ಬೇರೆಯಾಗಿರುವ ಪದಗಳು ಎರಡೂ ಭಾಷೆ ಬಲ್ಲವರನ್ನೇ ಹೆಚ್ಚು ಮೋಸಗೊಳಿಸುತ್ತವೆ. ಕನ್ನಡದ ಅನುಮಾನ ಸಂದೇಹ. ಮರಾಠಿಯ ಅನುಮಾನ ತರ್ಕದಿಂದ ತಲುಪಿದ ನಿರ್ಣಯ. ಕನ್ನಡದಲ್ಲಿ ಅವಾಂತರವೆಂದರೆ ಅನಾಹುತ. ಮರಾಠಿಯಲ್ಲಿ ಪಠ್ಯಕ್ಕೆ ಹೊರತಾದ ಹೆಚ್ಚಿನ ಓದೂ ಅವಾಂತರ ವಾಚನವೇ. ಕಚೇರಿಯಲ್ಲಿ ನಿತ್ಯ ಕಾಣುವುದು ತಕರಾರು. ಮರಾಠಿಯ ‘ತಕ್ರಾರ ಅರ್ಜ’ ಸಾಮಾನ್ಯ ದೂರು. ನಲ್ಲಿಯಲ್ಲಿ ನೀರು ಬಾರದಿದ್ದರೂ ಅದನ್ನು ಕೊಡಬಹುದು. ಕನ್ನಡದ ‘ತಕರಾರು ಅರ್ಜಿ’ ಎದುರು ಪಕ್ಷದ ಕೋರಿಕೆಗೆ ಎತ್ತುವ ಆಕ್ಷೇಪಣೆ. ಒಂದನ್ನು ಇನ್ನೊಂದರ ಸ್ಥಾನದಲ್ಲಿಟ್ಟರೆ ದೂರುದಾರ ಆಕ್ಷೇಪಕನಾಗುತ್ತಾನೆ, ಪ್ರಕರಣದ ದಿಕ್ಕೇ ತಿರುಗುತ್ತದೆ.

ಈ ಅರಿವಿಗೆ ಬೇಡಿಕೆ ಎಲ್ಲಿದೆ ಎಂದು ಕೇಳಿದರೆ ಉತ್ತರ ದೂರದಲ್ಲಿಲ್ಲ. ಮಹಾರಾಷ್ಟ್ರದ ಅಧೀನ ನ್ಯಾಯಾಲಯಗಳ ಭಾಷೆ ಮರಾಠಿ, ಕರ್ನಾಟಕದ್ದು ಕನ್ನಡ. ಜತ್ತದಲ್ಲಿ ಮನೆಯಿದ್ದು ಅಥಣಿಯಲ್ಲಿ ಹೊಲವಿರುವ, ಅಕ್ಕಲಕೋಟೆಗೆ ಮಗಳನ್ನು ಕೊಟ್ಟು ಅಫಜಲಪುರದಲ್ಲಿ ಆಸ್ತಿ ಹಂಚುವ ಕುಟುಂಬಗಳಿಗೆ ಎರಡೂ ಕಡೆಯ ಕಾಗದಗಳು ಬೇಕಾಗುತ್ತವೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ದಂಡಪ್ರಕ್ರಿಯೆಯ ಕಾನೂನಿನ ನಿಯಮ. ಕನ್ನಡ ಪತ್ರಿಕೆಗಳು ‘ತಡೆಯಾಜ್ಞೆ’ ಎಂಬ ಒಂದೇ ಪದದಿಂದ ಸೂಚಿಸುವುದನ್ನು ಮರಾಠಿ ಸ್ಥಗಿತಿ, ಮನಾಯಿ ಹುಕೂಮ ಎಂದು ಎರಡಾಗಿ ವಿಂಗಡಿಸುತ್ತದೆ. ನಡೆಯುತ್ತಿರುವ ಆದೇಶವನ್ನು ತಡೆಹಿಡಿಯುವುದು ಬೇರೆ, ಒಬ್ಬರನ್ನು ಒಂದು ಕೃತ್ಯದಿಂದ ತಡೆಯುವುದು ಬೇರೆ. ಕಾನೂನು ಓದುವ ಇಚ್ಛೆಯುಳ್ಳ ಐಚ್ಛಿಕ ಕನ್ನಡದ ಪದವೀಧರನಿಗೆ ಈ ಭೇದಜ್ಞಾನ ವಕೀಲಿಕೆಯ ಮೊದಲ ಬಂಡವಾಳವಾಗಬಲ್ಲದು.

ಬ್ಯಾಂಕಿನ ದಾರಿ ಇನ್ನಷ್ಟು ನೇರವಾದುದು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ ಯಾವ ರಾಜ್ಯದಿಂದ ಅರ್ಜಿ ಹಾಕುವರೋ ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಆಡಲು ಬರಬೇಕು. ಸ್ಟೇಟ್ ಬ್ಯಾಂಕಿನ ನೇಮಕಾತಿಯಲ್ಲಿ ಹತ್ತು ಅಥವಾ ಹನ್ನೆರಡನೆಯ ತರಗತಿಯ ಅಂಕಪಟ್ಟಿಯಲ್ಲಿ ಆ ಭಾಷೆ ಇದ್ದವರಿಗೆ ಪ್ರತ್ಯೇಕ ಭಾಷಾಪರೀಕ್ಷೆಯಿಂದ ವಿನಾಯಿತಿಯೂ ಇದೆ. ಮಹಾರಾಷ್ಟ್ರದ ಕನ್ನಡ ಶಾಲೆಯಲ್ಲಿ ಓದಿದವರ ಅಂಕಪಟ್ಟಿಯಲ್ಲಿ ಕನ್ನಡವೂ ಮರಾಠಿಯೂ ಒಟ್ಟಿಗೆ ಇರುವುದುಂಟು. ಹಾಗಿದ್ದರೆ ಎರಡು ರಾಜ್ಯಗಳ ಬಾಗಿಲುಗಳು ತೆರೆದಿವೆ ಎಂದರ್ಥ. ಅರ್ಜಿ ತುಂಬುವ ದಿನ ಈ ವಿಷಯವನ್ನು ಬಹಳ ವಿದ್ಯಾರ್ಥಿಗಳು ಮರೆಯುತ್ತಾರೆ. ಆಯಾ ವರ್ಷದ ಪ್ರಕಟಣೆಯನ್ನು ಓದಿ ನಿಯಮವನ್ನು ಖಚಿತಪಡಿಸಿಕೊಂಡು, ಗಣಿತ ಹಾಗೂ ತರ್ಕದ ತಯಾರಿಗೆ ಪದವಿಯ ಎರಡನೆಯ ವರ್ಷದಿಂದಲೇ ಸಮಯ ಕೊಡಬೇಕು. ಭಾಷೆ ಬಾಗಿಲು ತೆರೆಯಬಹುದು, ಪರೀಕ್ಷೆಯನ್ನು ಅದೊಂದೇ ಗೆದ್ದುಕೊಡಲಾರದು.

ಆಸ್ಪತ್ರೆಗಳಲ್ಲಿ ಪರಿಸ್ಥಿತಿ ಇನ್ನೂ ಗಂಭೀರ. ಇಂಡಿ, ಅಫಜಲಪುರಗಳ ಕಡೆಯಿಂದ ಸೊಲ್ಲಾಪುರಕ್ಕೆ, ಅಥಣಿ, ವಿಜಯಪುರಗಳ ಕಡೆಯಿಂದ ಮಿರಜಕ್ಕೆ ಚಿಕಿತ್ಸೆಗಾಗಿ ಬರುವ ರೋಗಿಗಳು ತಮ್ಮ ಬೇನೆಯನ್ನು ತಮ್ಮೂರ ಕನ್ನಡದಲ್ಲಿಯೇ ಹೇಳುತ್ತಾರೆ. ‘ಎದ್ಯಾಗ ಸಂಕಟ ಆಗ್ತದರಿ’ ಎಂದರೆ ಮರಾಠಿ ಕಿವಿಗೆ ಸಂಕಟವೆಂಬುದು ಆಪತ್ತಿನ ಮಾತಾಗಿ ಕೇಳಿಸುತ್ತದೆ. ರೋಗಿ ಹೇಳಿದ್ದು ನೋವೋ, ಉರಿಯೋ, ಉಸಿರುಕಟ್ಟುವಿಕೆಯೋ ಎಂದು ಕೇಳಿ ಬಿಡಿಸಿ ಹೇಳಬಲ್ಲವರು ವೈದ್ಯರ ಬಳಿ ಬೇಕು. ನೋಂದಣಿ, ಸಮಾಲೋಚನೆ, ವಿಮೆಯ ಕಾಗದಪತ್ರಗಳ ಕೆಲಸಕ್ಕೆ ಸೇರುವ ಪದವೀಧರರಿಗೆ ಮೂರು ನಿಯಮಗಳು ಸಾಕು. ರೋಗಿಯ ಮಾತನ್ನು ಸಂಕ್ಷೇಪಿಸಬಾರದು. ವೈದ್ಯರ ಮಾತಿಗೆ ತಮ್ಮದನ್ನು ಸೇರಿಸಬಾರದು. ಗುಳಿಗೆಯನ್ನು ಎಷ್ಟು ಸಲ, ಉಂಡ ಮೇಲೆಯೋ ಉಣ್ಣುವ ಮುಂಚೆಯೋ ಎಂಬುದನ್ನು ರೋಗಿಯ ಬಾಯಿಂದಲೇ ಮತ್ತೊಮ್ಮೆ ಹೇಳಿಸಬೇಕು. ಇಲ್ಲಿ ಗ್ರಂಥಸ್ಥ ಕನ್ನಡಕ್ಕಿಂತ ಹಳ್ಳಿಯ ಕನ್ನಡಕ್ಕೆ ಬೆಲೆ ಹೆಚ್ಚು. ತಮ್ಮ ಆಡುನುಡಿಯ ಬಗ್ಗೆ ಸಂಕೋಚಪಡುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಮಾರುಕಟ್ಟೆಯಲ್ಲಿಯೂ ಹೀಗೆಯೇ. ಸೊಲ್ಲಾಪುರದ ಉಳ್ಳಾಗಡ್ಡಿ ಪೇಟೆಗೆ ವಿಜಯಪುರ, ಕಲಬುರಗಿ ಜಿಲ್ಲೆಗಳ ರೈತರು ಮಾಲು ತರುತ್ತಾರೆ. ಅವರ ಕೈಗೆ ಬರುವ ಹಿಶೇಬ ಪಟ್ಟಿ ಮರಾಠಿಯದು. ಅದರಲ್ಲಿ ಹಮಾಲಿ, ತೋಲಾಯಿ ಮೊದಲಾದ ಕಡಿತಗಳು ಬೇರೆಬೇರೆ ಸಾಲುಗಳಲ್ಲಿರುತ್ತವೆ. ದ್ರಾಕ್ಷಿ, ಮಣೂಕ, ದಾಳಿಂಬೆಯ ವ್ಯಾಪಾರ ಸಾಂಗಲಿ, ವಿಜಯಪುರಗಳ ನಡುವೆ ಎರಡೂ ಭಾಷೆಗಳಲ್ಲಿ ನಡೆಯುತ್ತದೆ. ರೈತ ಉತ್ಪಾದಕ ಕಂಪನಿಗಳಿಗೆ, ಶೀತಲಗೃಹಗಳಿಗೆ, ಔಷಧ ಹಾಗೂ ಬೀಜದ ಕಂಪನಿಗಳ ಕ್ಷೇತ್ರಕಾರ್ಯಕ್ಕೆ ಎರಡೂ ಭಾಷೆಗಳಲ್ಲಿ ಪತ್ರ ಬರೆಯಬಲ್ಲವರು ಬೇಕು. ಬಾಯಿಮಾತಿನಲ್ಲಿ ಎರಡು ಭಾಷೆ ಆಡುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎರಡರಲ್ಲಿಯೂ ತಪ್ಪಿಲ್ಲದೆ ಬರೆಯುವವರು ಕಡಿಮೆ. ಪದವೀಧರನ ಅವಕಾಶ ಇರುವುದು ಆ ಬರವಣಿಗೆಯಲ್ಲಿ.

ಇಷ್ಟನ್ನು ಒಪ್ಪಿದ ವಿದ್ಯಾರ್ಥಿ ಏನು ಮಾಡಬೇಕು? ಮೊದಲು ಒಂದು ಕ್ಷೇತ್ರವನ್ನು ಆರಿಸಿಕೊಳ್ಳಬೇಕು. ಕಂದಾಯ, ನ್ಯಾಯಾಲಯ, ಬ್ಯಾಂಕು, ಆಸ್ಪತ್ರೆ, ಕೃಷಿ ವ್ಯಾಪಾರ ಇವುಗಳಲ್ಲಿ ಮನೆಯವರ ಇಲ್ಲವೆ ಪರಿಚಿತರ ಮೂಲಕ ಯಾವುದರ ಕಾಗದಗಳು ಸುಲಭವಾಗಿ ನೋಡಲು ಸಿಗುವವೋ ಅದು ಒಳ್ಳೆಯ ಆರಂಭ. ಎರಡನೆಯದಾಗಿ ಒಂದು ಪದವಹಿ ಇಡಬೇಕು. ಅದರಲ್ಲಿ ನಾಲ್ಕು ಅಂಕಣಗಳಿರಲಿ: ಮರಾಠಿ ಪದ, ಕನ್ನಡ ಪದ, ಅದು ಕಂಡ ವಾಕ್ಯ, ಯಾರನ್ನು ಕೇಳಿ ಖಚಿತಪಡಿಸಿಕೊಂಡದ್ದು ಎಂಬ ಟಿಪ್ಪಣಿ. ಮಹಾರಾಷ್ಟ್ರದ ಭಾಷಾ ಸಂಚಾಲನಾಲಯ ಪ್ರಕಟಿಸಿದ ಶಾಸನ ವ್ಯವಹಾರ ಕೋಶ, ನ್ಯಾಯವ್ಯವಹಾರ ಕೋಶಗಳು, ಕರ್ನಾಟಕ ಸರ್ಕಾರ ಹೊರತಂದ ಆಡಳಿತ ಮತ್ತು ಕಾನೂನು ಪದಕೋಶಗಳು ಇದಕ್ಕೆ ಆಧಾರ. ಆದರೆ ಇವು ಇಂಗ್ಲಿಷನ್ನು ಆಶ್ರಯಿಸಿದವು. ಮರಾಠಿಯಿಂದ ನೇರವಾಗಿ ಕನ್ನಡಕ್ಕೆ ದಾಟಿಸುವ ವೃತ್ತಿಪದಗಳ ಪಟ್ಟಿಯನ್ನು ವಿದ್ಯಾರ್ಥಿ ತಾನೇ ಕಟ್ಟಿಕೊಳ್ಳಬೇಕು. ದಿನಕ್ಕೆ ಎರಡು ಪದ ಸೇರಿಸಿದರೂ ಮೂರು ವರ್ಷಕ್ಕೆ ಎರಡು ಸಾವಿರ ದಾಟುತ್ತದೆ.

ಮೂರನೆಯದು ಬೆರಳಚ್ಚು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಭಾರತೀಯ ಲಿಪಿಗಳ ವಿನ್ಯಾಸ ಸಮಾನವಾಗಿದೆ. ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ದೇವನಾಗರಿಯ ‘ಕ’ ಇದೆ. ಒಂದನ್ನು ಕಲಿತವರಿಗೆ ಇನ್ನೊಂದು ಬಹುಮಟ್ಟಿಗೆ ಬಂದಂತೆಯೇ. ಹಳೆಯ ನುಡಿ ಅಕ್ಷರಗಳಲ್ಲಿ ಸಿದ್ಧವಾದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಒಡೆದಿವೆಯೇ ಎಂದು ನೋಡುವ ಅಭ್ಯಾಸವೂ ಬೇಕು.

ನಾಲ್ಕನೆಯದು ಯಂತ್ರದ ಬಳಕೆ. ಯಂತ್ರವನ್ನು ದೂರವಿಡುವುದು ಜಾಣತನವಲ್ಲ. ಅದರ ಕರಡನ್ನು ತಿದ್ದುವುದೇ ಈಗ ಒಂದು ಉದ್ಯೋಗವಾಗಿದೆ. ತಿದ್ದುವಾಗ ಅಂಕಿಗಳು ಮತ್ತು ಅಳತೆಗಳು, ಹೆಸರುಗಳು ಮತ್ತು ಸಂಬಂಧಗಳು, ನಿಷೇಧದ ಪದಗಳು, ಯಾರು ಯಾರಿಗೆ ಏನು ಮಾಡಬೇಕೆಂಬ ಕ್ರಿಯೆಯ ಹೊಣೆ, ಈ ನಾಲ್ಕನ್ನು ಮೂಲದೊಡನೆ ಬೆರಳಿಟ್ಟು ಹೋಲಿಸಬೇಕು. ತಿದ್ದುವ ಕೆಲಸಕ್ಕೆ ಹೊಸ ಅನುವಾದಕ್ಕಿಂತ ಕಡಿಮೆ ಹಣ ಕೊಡುವುದು ವಾಡಿಕೆ. ಕರಡು ಕೆಟ್ಟದ್ದಾಗಿದ್ದರೆ ತಿದ್ದಲು ಹಿಡಿಯುವ ಸಮಯ ಮಾತ್ರ ಹೆಚ್ಚು. ಆದ್ದರಿಂದ ಒಂದು ಪುಟದ ಮಾದರಿಯನ್ನು ನೋಡಿದ ಮೇಲೆಯೇ ದರಕ್ಕೆ ಒಪ್ಪಬೇಕು. ದರ, ಗಡುವು, ಎಷ್ಟು ಸಲ ತಿದ್ದಿಕೊಡುವುದು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಪರರ ಆಸ್ತಿಪತ್ರ, ರೋಗದ ವರದಿ, ಸಾಲದ ಕಾಗದಗಳನ್ನು ಅವರ ಒಪ್ಪಿಗೆಯಿಲ್ಲದೆ ಅಂತರ್ಜಾಲದ ಉಚಿತ ಸಾಧನಗಳಿಗೆ ಹಾಕಕೂಡದು. ತಿಳಿಯದ ವಿಷಯದ ಅನುವಾದಕ್ಕೆ ಸಹಿ ಹಾಕಕೂಡದು. ‘ಇದು ನನ್ನಿಂದಾಗದು’ ಎನ್ನುವ ಅನುವಾದಕನ ಸಹಿಯನ್ನೇ ಕಚೇರಿಗಳು ನಂಬುತ್ತವೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ವಚನ, ಕಾವ್ಯ, ಕಾದಂಬರಿಗಳನ್ನು ಓದಿಸಬೇಕಾದ ವಿಭಾಗ ಅರ್ಜಿ ಬರೆಯುವವರನ್ನು ತಯಾರಿಸುವ ಕಾರ್ಖಾನೆಯಾಗಬೇಕೆ ಎಂಬ ಆಕ್ಷೇಪ ಅದು. ಆತಂಕ ನ್ಯಾಯವಾದುದೇ, ಆದರೆ ಇವೆರಡನ್ನೂ ಎದುರಾಳಿಗಳೆಂದು ಬಗೆಯುವ ಕಾರಣವಿಲ್ಲ. ಪದವೊಂದರ ತೂಕ, ವಾಕ್ಯದ ದನಿ, ಹೇಳಿದವರ ಸ್ಥಾನ ಇವನ್ನು ಅಳೆಯುವ ಕಿವಿ ಸಾಹಿತ್ಯದ ಓದಿನಿಂದಲೇ ಬರುವಂಥದು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿ ಪರಿಸರದಲ್ಲಿ ಬೆಳೆದು, ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣವನ್ನು ಕನ್ನಡಕ್ಕೆ ಕೊಟ್ಟರು. ವಚನಗಳನ್ನು ಮರಾಠಿಗೆ ಒಯ್ದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಆ ಪೀಠವೇರಿದ ಮೊದಲ ಮಹಿಳೆಯೆನಿಸಿದರು. ಎಸ್. ಎಲ್. ಭೈರಪ್ಪನವರ ವಂಶವೃಕ್ಷವನ್ನು ಮರಾಠಿಗೆ ತಂದು ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಪಡೆದ ಪುಣೆಯ ಉಮಾ ಕುಲಕರ್ಣಿಯವರ ಕೆಲಸದ ಕ್ರಮವೂ ಗಮನಾರ್ಹ: ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡವನ್ನು ಓದಿ ಹೇಳುವುದು, ಕಿವಿಯಲ್ಲಿ ಕೇಳಿದ್ದನ್ನು ಅವರು ಮರಾಠಿಯಲ್ಲಿ ಬರೆಯುವುದು. ಇಬ್ಬರು ಕೂಡಿ ಒಂದು ಪಠ್ಯವನ್ನು ಹಿಡಿಯುವ ಈ ಕ್ರಮವನ್ನು ಕಚೇರಿಯ ಕಾಗದಕ್ಕೂ ಅನ್ವಯಿಸಬಹುದು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಿರುವಾಗ ಇನ್ನೊಬ್ಬರು ಅನುವಾದದ ಮೇಲೆ ಕಣ್ಣಿಟ್ಟರೆ, ಒಬ್ಬರೇ ಓದಿದಾಗ ತಪ್ಪಿಸಿಕೊಂಡ ಸಾಲುಗಳು ಸಿಕ್ಕಿಬೀಳುತ್ತವೆ.

ವಿಭಾಗಗಳು ಮಾಡಬಹುದಾದ ಕೆಲಸ ದೊಡ್ಡ ವೆಚ್ಚದ್ದೇನಲ್ಲ. ಪ್ರತಿ ಸತ್ರದಲ್ಲಿ ಒಂದು ಕಿರುಪ್ರಬಂಧದ ಬದಲು ಹೆಸರು, ಗುರುತುಗಳನ್ನು ಅಳಿಸಿದ ಒಂದು ನಿಜವಾದ ಕಾಗದದ ಅನುವಾದವನ್ನು ಕೊಡಬಹುದು. ಅದನ್ನು ಯಂತ್ರ ಮಾಡಿದ ಅನುವಾದದ ಪಕ್ಕದಲ್ಲಿಟ್ಟು, ತಪ್ಪುಗಳನ್ನು ಹುಡುಕಿ, ಅವು ಏಕೆ ಆದವು ಎಂದು ವಿದ್ಯಾರ್ಥಿಯೇ ಬರೆಯಲಿ. ಮರಾಠಿ ವಿಭಾಗದ ಅಧ್ಯಾಪಕರು ಅದರ ಮರಾಠಿ ಪಾರ್ಶ್ವವನ್ನು ನೋಡಲಿ. ಮೂರು ವರ್ಷಗಳಲ್ಲಿ ಆರು ಕಾಗದಗಳು ಕೈಯಲ್ಲಿ ಹಾದುಹೋದರೆ, ಕೆಲಸ ಕೊಡುವವರ ಮುಂದೆ ಇಡಲು ಅಂಕಪಟ್ಟಿಯಲ್ಲದೆ ಇನ್ನೊಂದು ಆಧಾರವೂ ದೊರೆಯುತ್ತದೆ. ವಿದ್ಯಾರ್ಥಿಗಳು ಮರಾಠಿಯನ್ನು ಅಲಕ್ಷಿಸದಿರುವುದೂ ಅಷ್ಟೇ ಅವಶ್ಯಕ. ಕನ್ನಡದ ಅಭಿಮಾನಕ್ಕೂ ಮರಾಠಿಯ ಪಾಂಡಿತ್ಯಕ್ಕೂ ವಿರೋಧವಿಲ್ಲ. ಒಂದು ಕುಂದಿದರೆ ಇನ್ನೊಂದರ ಮಾರುಕಟ್ಟೆಯ ಬೆಲೆಯೂ ಕುಂದುತ್ತದೆ.

ಗಡಿಯ ಕನ್ನಡ ಶಾಲೆಗಳು ಉಳಿಯಬೇಕೆಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕನ್ನಡ ಓದಿದ ಹುಡುಗಿಯೊಬ್ಬಳು ತಹಸೀಲ ಕಚೇರಿಯ ಮುಂದಿನ ಮೇಜಿನಲ್ಲಿ ಕುಳಿತು, ಹೆಕ್ಟೇರನ್ನು ಎಕರೆಗೆ ಸರಿಯಾಗಿ ಇಳಿಸಿ, ಅಳಿಯನು ಜಾವಯಿಯೋ ಭಾಚಾನೋ ಎಂದು ಕೇಳಿ ಬರೆದು, ಕೆಳಗೆ ತನ್ನ ಹೆಸರಿನಲ್ಲಿ ಸಹಿ ಹಾಕಿ, ನ್ಯಾಯವಾದ ಸಂಭಾವನೆ ಪಡೆಯುವುದನ್ನು ಊರಿನವರು ಕಂಡರೆ, ಮುಂದಿನ ವರ್ಷ ಮಗಳನ್ನು ಕನ್ನಡ ಶಾಲೆಗೆ ಹಾಕಲು ಅವರಿಗೆ ಬೇರೆ ಉಪದೇಶ ಬೇಕಾಗಲಾರದು.